ಅಮಾವಾಸ್ಯೆಗೆ ಬಿಚ್ಚಿದ ಡಬ್ಬ

ಸ್ಕ್ರೂಡ್ರೈವರಿನ ತುದಿ ನನ್ನ ಗಂಟಲಿಗೆ ತಾಗಿತ್ತು.

ಹಿಡಿದವನ ಕೈ ನಡುಗುತ್ತಿತ್ತು. ನನಗೆ ಗಟ್ಟಿ ಕೈಯವರ ಭಯವಿಲ್ಲ, ಅವರು ಯೋಚಿಸಿ ಚುಚ್ಚುತ್ತಾರೆ. ನಡುಗುವವನು ಯಾವಾಗ ಚುಚ್ಚುತ್ತಾನೋ ಅವನಿಗೇ ಗೊತ್ತಿರುವುದಿಲ್ಲ.

“ಹೊರಟುಹೋಗಿ ಆಂಟಿ,” ಎಂದ. “ಇಲ್ಲಿಗೆ ಬಂದೇ ಇಲ್ಲ ಅಂದ್ಕೊಳ್ಳಿ.”

“ಆಂಟಿ ಅನ್ಬೇಡ. ಇಂದ್ರಮ್ಮ ಅನ್ನು. ಸ್ಟೇಷನ್ನಲ್ಲಿ ಕೇಳ್ದಾಗ ಹೆಸರು ನೆನಪಿರಬೇಕಲ್ಲ.”

ಬಸವೇಶ್ವರನಗರದ ಒಂದು ಮನೆಯ ಹಜಾರ. ಬುಧವಾರ, ಬೆಳಗ್ಗೆ ಹನ್ನೊಂದು ಗಂಟೆ. ಒಳಗಿನ ಕೋಣೆಯಿಂದ ಸದ್ದು ಬರುತ್ತಿತ್ತು... ಗುಯ್... ಟಕ್... ಗುಯ್... ಟಕ್. ನಾನು ಹುಡುಕಿಕೊಂಡು ಬಂದ ಮಷಿನ್ನಿನ ಸದ್ದು.

ಅದು ಓಡುತ್ತಿರುತ್ತದೆ ಎಂದು ನಾನು ಎಣಿಸಿರಲಿಲ್ಲ.

ಇರಿ. ಅಲ್ಲಿಗೆ ಹೇಗೆ ಹೋದೆ ಎಂದು ಮೊದಲು ಹೇಳುತ್ತೇನೆ. ಅಷ್ಟು ಹೊತ್ತು ಸ್ಕ್ರೂಡ್ರೈವರ್ ಅಲ್ಲೇ ಇರಲಿ, ಪರವಾಗಿಲ್ಲ.

ಎರಡು ಸಾವಿರದ ಏಳನೇ ಇಸವಿ. ಆಗಲೂ ನನ್ನ ಆಫೀಸು ಇದೇ... ರಾಜಾಜಿನಗರ, ಹಿಟ್ಟಿನ ಗಿರಣಿಯ ಮೇಲಿನ ಈ ರೂಮು. ಹನ್ನೆರಡು ವರ್ಷ ಫೈನಾನ್ಸ್ ಕಂಪನಿಗಳಿಗೆ ಸಾಲ ವಸೂಲಿ ಮಾಡಿದ್ದೆ. ಬೈಸಿಕೊಂಡು ಸಾಕಾಗಿ ಸ್ವಂತ ಕೆಲಸ ಹಿಡಿದೆ. ಮೋಸ ಹೋದವರ ಮಾಲು ಹುಡುಕಿ ಕೊಡುವುದು. ಇಂಟರ್‌ನೆಟ್ ಹರಾಜು ಬಂದ ಮೇಲೆ ನನಗೆ ಊಟಕ್ಕೆ ತೊಂದರೆಯಾಗಲಿಲ್ಲ.

ಮಂಗಳವಾರ ಮಧ್ಯಾಹ್ನ ಭಾಗವ್ವ ಬಂದಳು. ಹುನಗುಂದದ ಕಡೆಯವಳು, ಲಗ್ಗೆರೆಯಲ್ಲಿ ಬಾಡಿಗೆ ಮನೆ, ಗಾರ್ಮೆಂಟ್ಸ್ ಕೆಲಸ. ಹೆಗಲ ಮೇಲೆ ಒಂದು ಗೋಣಿಚೀಲ. ಅದರಿಂದ ಎರಡು ಗ್ರಾನೈಟ್ ತುಂಡು ತೆಗೆದು ಟೇಬಲ್ಲಿನ ಮೇಲಿಟ್ಟಳು. ಅವನ್ನು ಸುತ್ತಿದ್ದ ಕಾಗದವನ್ನೂ ಕೊರಿಯರ್ ಚೀಟಿಯನ್ನೂ ಮಡಿಸಿ ತಂದಿದ್ದಳು.

“ಏನಮ್ಮ ಇದು?”

“ನಮ್ಮ ಮನಿಯವ್ರ ಉಸಿರು ರೀ ಅಕ್ಕಾರ.”

ಗಂಡ ದುಂಡಪ್ಪ ಪೀಣ್ಯದ ಫೌಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ಎರಕ ಉಜ್ಜಿದವನು. ಆ ಧೂಳೆಲ್ಲ ಶ್ವಾಸಕೋಶದಲ್ಲಿ ಕೂತಿತ್ತು. ಮನೆಯಲ್ಲೇ ಆಕ್ಸಿಜನ್ ಕೊಡಿ ಎಂದು ಡಾಕ್ಟರು ಕಳಿಸಿದ್ದರು. ಬಾಡಿಗೆ ಸಿಲಿಂಡರು ಎಷ್ಟು ದಿನ ತರುವುದು? ಗಾಳಿಯಿಂದಲೇ ಆಕ್ಸಿಜನ್ ತೆಗೆಯುವ ಒಂದು ಮಷಿನ್ ಇದೆ, ಪ್ಲಗ್ ಹಾಕಿದರೆ ಸಾಕು. ಅಂಗಡಿಯಲ್ಲಿ ಐವತ್ತು ಸಾವಿರದ ಮೇಲೆ. ಮಗಳು ಸುವರ್ಣಾ ಸೈಬರ್ ಕೆಫೆಯಲ್ಲಿ ಕೂತು, ಹರಾಜಿನ ಸೈಟಿನಲ್ಲಿ ಸೆಕೆಂಡ್ ಹ್ಯಾಂಡ್ ಮಷಿನ್ ಹುಡುಕಿ, ಹದಿನೆಂಟು ಸಾವಿರಕ್ಕೆ ಗೆದ್ದಿದ್ದಳು. ಡಬ್ಬದಲ್ಲಿ ಬಂದದ್ದು ಈ ಕಲ್ಲು. ಭಾಗವ್ವನ ಕಿವಿಯಲ್ಲಿ ಓಲೆ ಇರಲಿಲ್ಲ, ಕಡ್ಡಿ ಇತ್ತು.

“ಡಬ್ಬ ಯಾವತ್ತು ಬಂತು?”

“ಬೇಸ್ತವಾರ.”

“ಬಿಚ್ಚಿದ್ದು?”

“ನಿನ್ನೆ. ಸೋಮವಾರ.”

ನನ್ನ ಪಿತ್ತ ನೆತ್ತಿಗೇರಿತು.

ಯಾಕೆಂದು ಹೇಳುತ್ತೇನೆ. ಆ ಸೈಟಿನಲ್ಲಿ ಒಂದು ಒಳ್ಳೆಯ ಏರ್ಪಾಡಿತ್ತು. ನೀವು ಕೊಟ್ಟ ಹಣ ಮಾರಿದವನಿಗೆ ಕೂಡಲೇ ಹೋಗುವುದಿಲ್ಲ. ಮಾಲು ನಿಮ್ಮ ಕೈಸೇರಿ ಮೂರು ದಿನ ಸೈಟಿನವರೇ ಹಿಡಿದಿಟ್ಟಿರುತ್ತಾರೆ. ಅಷ್ಟರೊಳಗೆ ತಕರಾರು ಹಾಕಿದರೆ ಹಣ ವಾಪಸ್. ಹಾಕದಿದ್ದರೆ ಅವನಿಗೆ. ಗುರುವಾರ, ಶುಕ್ರವಾರ, ಶನಿವಾರ... ಭಾನುವಾರ ಹಣ ಹೋಗಿಯಾಗಿತ್ತು.

“ನಾಲ್ಕು ದಿನ ಡಬ್ಬ ಎದುರಿಗೆ ಇಟ್ಕೊಂಡು ಏನಮ್ಮ ಮಾಡ್ತಿದ್ರಿ?”

“ಸೋಮವಾರ ಅಮಾಸಿ ಇತ್ತಲ್ಲರಿ,” ಎಂದಳು. “ಹೊಸಾ ಮಷಿನ್, ಪೂಜಿ ಮಾಡಿ ಬಿಚ್ಚೂಣು ಅಂದ್ರು ಮನಿಯವ್ರು. ಈಬತ್ತಿ ಹಚ್ಚಿ ಇಟ್ಟಿದ್ವಿ.”

ನಮ್ಮ ಕಡೆ ಅಮಾವಾಸ್ಯೆ ಎಂದರೆ ಹೊಸ ಚಪ್ಪಲಿಯನ್ನೂ ಮೆಟ್ಟುವುದಿಲ್ಲ. ಅವರ ಕಡೆ ಅದೇ ಒಳ್ಳೆಯ ದಿನ. ಲಾರಿ, ಟ್ರ್ಯಾಕ್ಟರ್, ಹಿಟ್ಟಿನ ಗಿರಣಿ ಎಲ್ಲಕ್ಕೂ ಅಮಾವಾಸ್ಯೆಗೇ ಪೂಜೆ. ಏದುಸಿರು ಬಿಡುತ್ತಾ ಆ ಮನುಷ್ಯ ವಿಭೂತಿ ಹಚ್ಚಿದ ಡಬ್ಬದ ಪಕ್ಕ ನಾಲ್ಕು ದಿನ ಒಳ್ಳೆಯ ದಿನಕ್ಕಾಗಿ ಕಾದಿದ್ದ.

ನಗಬೇಡಿ. ನಿಮ್ಮ ತೊಡೆಯ ಮೇಲಿರುವ ಕ್ಯಾಮೆರಾ ಡಬ್ಬಕ್ಕೂ ಕುಂಕುಮ ಇದೆ, ನನಗೆ ಕಾಣುತ್ತಿದೆ.

“ರೊಕ್ಕ ಬ್ಯಾಡ್ರಿ ಅಕ್ಕಾರ,” ಎಂದಳು ಭಾಗವ್ವ. “ಆ ಮಷಿನ್ ಸಿಕ್ಕರ ಸಾಕು.”

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ ನನ್ನದು. ಹಾಕಲು ಕೂತೆ. ಮೊದಲು ಮಾರಿದವನ ಪುಟ ನೋಡಿದೆ. ಹದಿನಾಲ್ಕು ಜನ ಹೊಗಳಿದ್ದರು. ಹದಿನಾಲ್ಕೂ ಒಂದೇ ವಾರದಲ್ಲಿ! ಹೊಗಳಿದ್ದು ಯಾವುದಕ್ಕೆ? ಹತ್ತು ರೂಪಾಯಿಯ ಕಂಪ್ಯೂಟರ್ ವಾಲ್‌ಪೇಪರ್ ಮಾರಿದ್ದಕ್ಕೆ. ಆ ಹೊಗಳಿಕೆಯ ಹಿಂದಿನ ಮೋಸ ಓದಲು ಸುವರ್ಣಾಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹೆಸರು ಸುಳ್ಳು. ಅಡ್ರೆಸ್ ಸುಳ್ಳು. ಕೊರಿಯರ್ ಚೀಟಿಯಲ್ಲಿದ್ದ ಬಸವೇಶ್ವರನಗರ ಬ್ರಾಂಚಿನ ಸೀಲು ಮಾತ್ರ ನಿಜ.

ಆಮೇಲೆ ಕಲ್ಲು ಸುತ್ತಿದ್ದ ಕಾಗದ ಬಿಡಿಸಿದೆ. ಯಾವುದೋ ವಾರಪತ್ರಿಕೆ. ರಕ್ಷಾಪುಟದ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿತ್ತು: 1127/3.

ನಿಮ್ಮ ಮನೆಗೂ ವಾರಪತ್ರಿಕೆ ಬರುತ್ತದೆ ತಾನೆ? ಯಾವುದು ಯಾರ ಮನೆಗೆ ಎಂದು ಮರೆಯದಿರಲು ಪೇಪರಿನವರು ಮನೆ ನಂಬರ್ ಗೀಚಿರುತ್ತಾರೆ. ಹೆಸರು ಬಚ್ಚಿಟ್ಟವನು ಇದನ್ನು ನೋಡಿರಲಿಲ್ಲ.

ಬುಧವಾರ ಬೆಳಗ್ಗೆ ಆರಕ್ಕೆ ಬಸವೇಶ್ವರನಗರದ ಪೇಪರ್ ಏಜೆಂಟ್ ಕೃಷ್ಣಯ್ಯನ ಮುಂದೆ ನಿಂತಿದ್ದೆ.

“ನನ್ನ ಅಕ್ಷರಾನೇ ಕಣಮ್ಮ,” ಎಂದ ಆತ. “ಚಕ್ರಪಾಣಿ ಮೇಷ್ಟ್ರ ಮನೆ. ಮೂರು ತಿಂಗಳಿಂದ ದುಡ್ಡು ಕೊಟ್ಟಿಲ್ಲ. ಕೇಳೋಕೆ ಮನಸ್ಸು ಬರಲ್ಲ.”

“ಯಾಕೆ?”

“ನೀವೇ ಹೋಗಿ ನೋಡಿ.”

ಆ ಮಾತು ನನ್ನನ್ನು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಬೇಟೆಯ ವಾಸನೆ ಹತ್ತಿತ್ತು. ಮನೆಯ ಎದುರು ಹೊಂಚು ಹಾಕಿ, ಹನ್ನೊಂದಕ್ಕೆ ಬೆಲ್ ಒತ್ತಿದೆ. ಬಾಗಿಲು ತೆಗೆದವನು ಮೂವತ್ತೈದರ ಮಧ್ವೇಶ್, ಮೇಷ್ಟ್ರ ಮಗ. ಮೊದಲು ಆಸ್ಪತ್ರೆ ಸಾಮಾನು ಮಾರುವ ಸೇಲ್ಸ್‌ಮ್ಯಾನ್, ಈಗ ಕೆಲಸವಿಲ್ಲ. ನಾನು ಗ್ರಾನೈಟ್ ತುಂಡು ಎತ್ತಿ ತೋರಿಸಿದ್ದೇ ಸ್ಕ್ರೂಡ್ರೈವರ್ ಎತ್ತಿದ.

ಹಾಂ, ಈಗ ಅಲ್ಲಿಗೆ ಬಂದೆವು.

ಸೆರಗಿನಡಿ ನನ್ನ ಮೊಬೈಲು ಹೊಡೆದುಕೊಂಡಿತು.

“ಎತ್ಬೇಡಿ,” ಎಂದ.

ಎತ್ತಿದೆ. ಸ್ಪೀಕರ್ ಒತ್ತಿದೆ. ಸುವರ್ಣಾಳ ದನಿ.

“ಇಂದ್ರಮ್ಮಾರ... ಅಪ್ಪನ ತುಟಿ ನೀಲಿ ಆಗ್ಯಾವ್ರಿ. ಸಿಲಿಂಡರ್ ಶನಿವಾರನ ಮುಗದೈತ್ರಿ. ಮಷಿನ್ ಬಂದೈತಲ್ಲ ಅಂತ ಮತ್ತ ತರ್ಲಿಲ್ಲ. ಈಗ ತರಾಕ ರೊಕ್ಕ ಇಲ್ರಿ...”

ಮನೆಯಲ್ಲಿ ಸಿಲಿಂಡರ್ ಇದೆಯೋ ಇಲ್ಲವೋ ಎಂದು ನಾನು ಕೇಳಿರಲಿಲ್ಲ. ಭಾಗವ್ವ ಹೇಳಿರಲಿಲ್ಲ. ನಿನ್ನೆ ಸಂಜೆಯೇ ಬಾಡಿಗೆಗೆ ಒಂದು ತಂದು ಹಾಕಬಹುದಿತ್ತು. ಕಳ್ಳನನ್ನು ಹಿಡಿಯುವ ಚಟಕ್ಕೆ ಬಿದ್ದು ನಾನು ಉಸಿರನ್ನು ಮರೆತಿದ್ದೆ.

ಸ್ಕ್ರೂಡ್ರೈವರ್ ಕೆಳಗಿಳಿಯಿತು.

“ಮಧ್ವೇಶ, ಯಾರಪ್ಪ ಬಂದಿರೋದು?” ಒಳಗಿನಿಂದ ಮುದುಕರ ದನಿ.

ಅವನನ್ನು ಪಕ್ಕಕ್ಕೆ ತಳ್ಳಿ ಒಳಗೆ ಹೋದೆ. ಮಂಚದ ಮೇಲೆ ಚಕ್ರಪಾಣಿ ಮೇಷ್ಟ್ರು. ಮೂಗಿಗೆ ಸಣ್ಣ ಪೈಪು. ಪಕ್ಕದಲ್ಲಿ, ಹರಾಜಿನ ಸೈಟಿನ ಫೋಟೋದಲ್ಲಿ ನೋಡಿದ ಅದೇ ಮಷಿನ್... ಗುಯ್... ಟಕ್. ಅಪ್ಪನ ಮಷಿನ್ನಿನ ಫೋಟೋ ತೆಗೆದು ಮಗ ಅದನ್ನೇ ಮೂರು ಜನಕ್ಕೆ ಮಾರಿದ್ದ.

ಇದನ್ನು ಹೊತ್ತುಕೊಂಡು ಹೋಗಲು ಬಂದಿದ್ದೆ ನಾನು. ಪ್ಲಗ್ ನನ್ನ ಕೈಗೆ ಎಟಕುವಷ್ಟು ಹತ್ತಿರ ಇತ್ತು. ಮುಟ್ಟಲಾಗಲಿಲ್ಲ.

“ಫೋನಿನಲ್ಲಿ ಅತ್ತ ಮಗು ಯಾರದು?” ಎಂದರು ಮೇಷ್ಟ್ರು.

ಹೇಳಿದೆ. ಎಲ್ಲವನ್ನೂ ಹೇಳಿದೆ. ಮಗ ಗೋಡೆ ನೋಡುತ್ತಿದ್ದ.

ಮೇಷ್ಟ್ರು ಮಂಚದ ಕೆಳಗೆ ಬೆರಳು ತೋರಿಸಿದರು. ಅಲ್ಲೊಂದು ಸಿಲಿಂಡರು. “ತುಂಬಿದೆ. ತಗೊಂಡು ಹೋಗಿ.”

“ಅಪ್ಪಾ, ದಿನಾ ಹನ್ನೆರಡೂವರೆಗೆ ಕರೆಂಟ್ ಹೋಗುತ್ತೆ,” ಎಂದ ಮಧ್ವೇಶ್. “ಅದಿಲ್ದಿದ್ರೆ ನೀನು ಉಳಿಯಲ್ಲ.”

“ಲಗ್ಗೆರೆಯಲ್ಲಿ ಕರೆಂಟ್ ಇದ್ರೂ ಒಬ್ಬ ಉಳಿಯಲ್ಲ,” ಎಂದೆ.

“ನೀನೇ ಹೊತ್ಕೊಂಡು ಹೋಗು ಮಧ್ವೇಶ,” ಎಂದರು ಮೇಷ್ಟ್ರು. “ಹೋಗಿ ಅವರ ಮುಖ ನೋಡಿ ಬಾ. ಅಷ್ಟು ಹೊತ್ತು ನಾನಿರ್ತೀನಿ.”

ಆಟೋ ಹಿಡಿದೆವು. ಸಿಲಿಂಡರು ಅವನ ತೊಡೆಯ ಮೇಲೆ. ಹಾವನೂರು ಸರ್ಕಲ್... ಕುರುಬರಹಳ್ಳಿ... ಸಿಗ್ನಲ್ಲಿನಲ್ಲಿ ಅವನು ಹೊರಗೆ ಕಾಲಿಟ್ಟ. ಬೆಲ್ಟ್ ಹಿಡಿದು ಎಳೆದು ಕೂರಿಸಿದೆ.

“ಓಡಿದ್ರೆ ನಿಮ್ಮಪ್ಪನ ಹತ್ರಾನೇ ವಾಪಸ್ ಹೋಗ್ತೀನಿ ಕಣೋ.”

“ಓಡ್ತಿಲ್ಲ,” ಎಂದ. “ವಾಂತಿ ಬರ್ತಿದೆ.”

ರಿಂಗ್ ರೋಡಿನಲ್ಲಿ ಲಾರಿಗಳು ಸಾಲುಗಟ್ಟಿದ್ದವು. ನಾನು ಇಳಿದು ಲಾರಿಯ ಬಾನೆಟ್ ಬಡಿದೆ, ಬೈದೆ, ಕೈ ಮುಗಿದೆ. ಆಟೋ ಫುಟ್‌ಪಾತ್ ಹತ್ತಿ ನುಗ್ಗಿತು. ಲಗ್ಗೆರೆ ಬ್ರಿಡ್ಜ್... ಎಡಕ್ಕೆ... ಓಣಿ. ಹನ್ನೊಂದು ಮುಕ್ಕಾಲು.

ಸುವರ್ಣಾ ಬಾಗಿಲಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ. ನನಗೆ ಆಗಲೇ ಗೊತ್ತಾಯಿತು.

ದುಂಡಪ್ಪನನ್ನು ಗೋಡೆಗೆ ಒರಗಿಸಿದ್ದರು. ಹಣೆ ತುಂಬ ವಿಭೂತಿ. ಜೀವ ಹೋಗಿ ಹತ್ತೇ ನಿಮಿಷವಾಗಿತ್ತಂತೆ. ಮಧ್ವೇಶ್ ಸಿಲಿಂಡರ್ ಇಳಿಸಿ, ಪೈಪು ಜೋಡಿಸಿ, ದುಂಡಪ್ಪನ ಮೂಗಿಗೆ ಹಿಡಿದ. ಬೇಡ ಎಂದರೂ ಹಿಡಿದ. ಅವನ ಕೈಗೆ ಆ ಕೆಲಸ ಚೆನ್ನಾಗಿ ಬರುತ್ತಿತ್ತು.

“ಯಾರಿಂವ?” ಎಂದಳು ಭಾಗವ್ವ.

ಸುಳ್ಳು ಹೇಳಬಹುದಿತ್ತು. “ಕಲ್ಲು ಕಳಿಸಿದವನು,” ಎಂದೆ. “ಈ ಸಿಲಿಂಡರು ಅವರಪ್ಪಂದು. ಅವರಿಗೂ ಉಸಿರಿನ ಕಾಯಿಲೆ. ಹನ್ನೆರಡೂವರೆಗೆ ಅಲ್ಲಿ ಕರೆಂಟ್ ಹೋಗುತ್ತೆ.”

ಅವಳು ಅವನನ್ನು ತುಂಬ ಹೊತ್ತು ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿ ಎಂದು ಬಯಸಿದೆ. ಅವಳು ಗಂಡನ ಮೂಗಿನಿಂದ ಪೈಪು ಬಿಡಿಸಿ, ಸೆರಗಿನಿಂದ ಒರೆಸಿ, ಸುತ್ತಿ ಅವನ ಕೈಗಿಟ್ಟಳು.

“ಲಗೂನ ಹೋಗಪ್ಪ,” ಎಂದಳು. “ಅಲ್ಲೊಬ್ರು ಕಾಯಾಕತ್ತಾರಲ್ಲ.”

ಮಧ್ವೇಶನ ತೋಳು ಹಿಡಿದು, ಸಿಲಿಂಡರಿನ ಸಮೇತ ಆಟೋಗೆ ತುಂಬಿದೆ. ಕರೆಂಟ್ ಹೋಗುವ ಐದು ನಿಮಿಷ ಮೊದಲು ಸಿಲಿಂಡರು ಮಂಚದ ಪಕ್ಕ ಇತ್ತು. ಸಂಜೆ ಅಕ್ಕಪಕ್ಕದವರಿಗೆ ಅಪ್ಪನನ್ನು ಒಪ್ಪಿಸಿ, ಅವನೇ ನನ್ನ ಜೊತೆ ಸ್ಟೇಷನ್ನಿಗೆ ಬಂದ.

ಮಣ್ಣಾದ ಮೇಲೆ ಭಾಗವ್ವ ನನ್ನನ್ನು ಒಂದೇ ಮಾತು ಕೇಳಿದಳು.

“ಬೇಸ್ತವಾರನ ಬಿಚ್ಚಿದ್ದರ ಉಳೀತಿದ್ರೇನ್ರಿ?”

“ಗೊತ್ತಿಲ್ಲ,” ಎಂದೆ. ಗೊತ್ತಿತ್ತು. ಗುರುವಾರ ಬಿಚ್ಚಿದ್ದರೆ ಹಣ ವಾಪಸ್ ಬರುತ್ತಿತ್ತು, ಶನಿವಾರ ಹೊಸ ಸಿಲಿಂಡರ್ ಬರುತ್ತಿತ್ತು. ಮಂಗಳವಾರ ನಾನು ಒಂದು ಪ್ರಶ್ನೆ ಕೇಳಿದ್ದರೂ ಬರುತ್ತಿತ್ತು. ತಪ್ಪಿನಲ್ಲಿ ಕಾಲು ಭಾಗ ನನ್ನದು, ಮುಕ್ಕಾಲು ಅಮಾವಾಸ್ಯೆಯದು ಎಂದು ಲೆಕ್ಕ ಹಾಕಿ ಮಲಗಲು ನೋಡಿದ್ದೇನೆ. ನಿದ್ದೆ ಬರುವುದಿಲ್ಲ. ಲಗ್ಗೆರೆ ಬಸ್ ಸ್ಟಾಪಿನಲ್ಲಿ ಕೂತು ಅವತ್ತು ಅತ್ತೆ. ವಸೂಲಿಯ ಇಂದ್ರಮ್ಮ ಅತ್ತಳು ಎಂದು ಯಾರಿಗೂ ಹೇಳಬೇಡಿ, ಕಸುಬು ಕೆಡುತ್ತದೆ.

ಆ ಎರಡು ಕಲ್ಲು ನೋಡಿ, ಕಿಟಕಿಯ ಹತ್ತಿರ ಇಟ್ಟುಕೊಂಡಿದ್ದೇನೆ.

ನಿಮ್ಮ ಪಾರ್ಸೆಲ್ ಯಾವತ್ತು ಬಂತು ಅಂದಿರಿ? ಮೊನ್ನೆ. ಸರಿ. ಬಿಚ್ಚುವುದು ಶುಕ್ರವಾರ, ಒಳ್ಳೆಯ ದಿನ ಅಂದಿರಿ.

ಬ್ಲೇಡು ಅಲ್ಲಿದೆ, ತಗೊಳ್ಳಿ. ಪೂಜೆ ಕ್ಯಾಮೆರಾಕ್ಕೋ ಕಲ್ಲಿಗೋ, ಮೊದಲು ನೋಡಿಬಿಡೋಣ.