ಅಬೂನಾ ಕಳಿಸಿದ ಉತ್ತರ

ಟಿಣ್... ತಲೆದಿಂಬಿನ ಕೆಳಗಿಂದ ಸಣ್ಣ ಸದ್ದು.

ಗಂಟೆ ಎರಡು ದಾಟಿತ್ತು. ದಿಮ್ಯಾನಾ ಕತ್ತಲಲ್ಲೇ ಫೋನ್ ತಡಕಿದಳು. ಮಲ್ಲಾವಿ ಪೇಟೆಯ ತಮ್ಮ ಚರ್ಚಿನ ಫೇಸ್‌ಬುಕ್ ಪುಟ ನೋಡಿಕೊಳ್ಳುವವಳು ಅವಳೇ. ಅದು ಅವಳನ್ನೂ ಎಲ್ಲರೂ ‘ಅಬೂನಾ’ ಎಂದು ಕರೆಯುವ ಪಾದ್ರಿ ಮಕಾರಿಯವರನ್ನೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಜನ ಮನಸ್ಸು ಬಿಚ್ಚಿ ಬರೆಯುವುದನ್ನೇ ನಿಲ್ಲಿಸುತ್ತಾರೆ ಎನ್ನುತ್ತಿದ್ದರು ಅಬೂನಾ.

‘ಅಬೂನಾ, ಮೂರು ವಾರದಿಂದ ನಿಮ್ಮ ಉತ್ತರಕ್ಕೆ ಕಾಯ್ತಿದ್ದೀನಿ. ಮರೆತುಬಿಟ್ರಾ?’

ಬರೆದವನ ಹೆಸರು ‘ಮಾರ್ ಗಿರ್ಗಿಸನ ಮಗ’. ಚಿತ್ರದಲ್ಲಿ ಬಿಳಿ ಕುದುರೆಯೇರಿದ ಸಂತ ಮಾರ್ ಗಿರ್ಗಿಸ್.

ಆದರೆ ಉತ್ತರ ಹೋಗಿತ್ತಲ್ಲ! ಕಳಿಸಿದ್ದವಳು ಅವಳೇ.

‘ಅಬೂನಾಗೆ ಮಾತ್ರ’ ಎಂದು ಶುರುವಾಗುವ ಪತ್ರಗಳನ್ನು ಓದದೆ ಅವರಿಗೆ ದಾಟಿಸಬೇಕು. ಅವರು ಮಾತಾಡಿ ಕಳಿಸುವ ಉತ್ತರವನ್ನು ಕೇಳದೆ ಬರೆದವರಿಗೆ ತಲುಪಿಸಬೇಕು. ಎರಡು ವರ್ಷದಲ್ಲಿ ಅವಳು ಒಮ್ಮೆಯೂ ಈ ನಿಯಮ ಮೀರಿರಲಿಲ್ಲ.

ಬೆರಳು ಹಳೆಯ ಪತ್ರಗಳತ್ತ ಸರಿಯುತ್ತಾ ಹೋಯಿತು. ಒಂದು ಕಡೆ ನಿಂತಿತು.

ಇಬ್ಬರು... ಅದೇ ಹೆಸರು, ಅದೇ ಸಂತ, ಅದೇ ಬಿಳಿ ಕುದುರೆ. ಊರಿನ ಅರ್ಧ ಜನ ತಮ್ಮ ಮುಖದ ಬದಲು ಸಂತರ ಚಿತ್ರವನ್ನೇ ಹಾಕಿಕೊಳ್ಳುತ್ತಾರೆ. ಇವರಿಬ್ಬರೂ ಒಂದೇ ರಾತ್ರಿ ಬರೆದಿದ್ದರು. ಒಬ್ಬನೇ ಎರಡು ಸಲ ಬರೆದಿದ್ದಾನೆಂದುಕೊಂಡು ಅವಳು ಮೊದಲಿನವನ ಪತ್ರವನ್ನಷ್ಟೇ ಅಬೂನಾಗೆ ದಾಟಿಸಿದ್ದಳು. ಉತ್ತರ ಎರಡನೆಯವನಿಗೆ ಹೋಗಿತ್ತು!

ಏನು ಉತ್ತರವೋ... ಮೊದಲ ಸಲ ನಿಯಮ ಮುರಿದು ಫೋನನ್ನು ಕಿವಿಗಿಟ್ಟುಕೊಂಡಳು.

“ಮಗನೇ, ಅವಳಿಂದ ದೂರ ಇರು. ಅವಳು ಕೂರೋ ಕಡೆ ಕೂರಬೇಡ. ಎದುರಿಗೆ ಬಂದ್ರೆ ದಾರಿ ಬದಲಿಸು. ಅವಳು ನಿನಗಲ್ಲ.”

ಮೊದಲಿನವನ ಪತ್ರ ತೆರೆಯಲು ಅವಳಿಗೆ ಮನಸ್ಸಾಗಲಿಲ್ಲ. ಅದು ಅವನ ಗುಟ್ಟು. ಕ್ಷಮೆ ಕೇಳಿ, ಆ ಧ್ವನಿಯನ್ನು ಅವನಿಗೆ ಕಳಿಸಿದಳು. ಆದರೆ ತನ್ನದಲ್ಲದ ಈ ಮಾತು ಕೇಳಿ ನೊಂದವನು ಯಾರು?

ಎರಡನೆಯ ಪತ್ರ ತೆರೆದಳು.

‘ಅಬೂನಾ, ಭಾನುವಾರ ಮಕ್ಕಳಿಗೆ ಪಾಠ ಹೇಳೋ ದಿಮ್ಯಾನಾ ಅಂದ್ರೆ ನನಗಿಷ್ಟ. ಮೊದಲು ಅವಳನ್ನ ಕೇಳ್ಲಾ, ಅವರಪ್ಪನ್ನ ಕೇಳ್ಲಾ? ನೀವು ಹೇಳಿದ ಹಾಗೆ ನಡೀತೀನಿ. ತಾಳ ಬಾರಿಸೋ ಅಬನೂಬ್.’

ಫೋನಿನ ಬೆಳಕು ತಾನಾಗಿ ಆರುವವರೆಗೂ ಅವಳು ಅಲುಗಲಿಲ್ಲ.

ಮೂರು ವಾರದಿಂದ ಅಬನೂಬ್ ಗಾಯನವೃಂದದಲ್ಲಿ ನಿಲ್ಲುತ್ತಿರಲಿಲ್ಲ. ಬೀದಿಯಲ್ಲಿ ಕಂಡರೆ ಆಚೆ ಬದಿಗೆ ದಾಟುತ್ತಿದ್ದ. ‘ನಾನೇನು ತಪ್ಪು ಮಾಡಿದೆ?’ ಎಂದು ಅವಳು ಎಷ್ಟು ರಾತ್ರಿ ಅತ್ತಿದ್ದಳೋ! ಕ್ರಿಸ್ಮಸ್ ಕಳೆದ ಕೂಡಲೇ ಬೆನಿ ಸುಯೆಫ್ ಊರಿನ ಹುಡುಗಿಯನ್ನು ನೋಡಲು ಅವನು ಒಪ್ಪಿದ್ದಾನೆ ಎಂದು ಗೆಳತಿ ಮೊನ್ನೆ ಹೇಳಿದ್ದಳು.

‘ಆ ಉತ್ತರ ನಿಮಗಲ್ಲ’ ಎಂದು ಬರೆದಳು, ಅಳಿಸಿದಳು. ತನ್ನ ವಿಷಯಕ್ಕೆ ತಾನೇ ಚರ್ಚಿನ ಹೆಸರಿನ ಹಿಂದೆ ಅವಿತು ಉತ್ತರ ಕೊಡುವುದೇ? ಅದು ಇನ್ನೊಂದು ಮೋಸವಾಗುತ್ತದೆ. ಮುಖ ತೋರಿಸಿಯೇ ಹೇಳಬೇಕು... ಪುಟದ ಸೇವೆ ಕೈತಪ್ಪಿದರೂ ಸರಿ.

ಬೆಳಕು ಹರಿಯುವ ಮುನ್ನವೇ ಅವಳು ಚರ್ಚಿನ ಹಿಂಬದಿಗೆ ಬಂದಳು. ಪೂಜೆಯ ರೊಟ್ಟಿ ಸುಡುವ ಕೋಣೆಗೆ ಎಲ್ಲರೂ ಬೇತ್ಲೆಹೇಮ್ ಎನ್ನುತ್ತಾರೆ. ಅವಳು ಕೂರುವ ಕಡೆ ಕೂರಬಾರದೆಂದು ಅಬನೂಬ್ ಈಗ ಕೆಲಸಕ್ಕೆ ಆರಿಸಿಕೊಂಡ ಜಾಗ ಇದು. ಹೆಂಗಸರು ಇದರೊಳಗೆ ಕಾಲಿಡುವಂತಿಲ್ಲ.

ಮುದುಕ ಸಿದ್ರಾಕ್ ಹಿಟ್ಟು ತಟ್ಟುತ್ತಾ ಕೀರ್ತನೆ ಹೇಳುತ್ತಿದ್ದ. ಅವನ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಪೇಟೆಯನ್ನೆಲ್ಲ ಸುತ್ತುತ್ತಿತ್ತು.

“ಹೊಸ್ತಿಲಾಚೆನೇ ನಿಲ್ಲು ಮಗಳೇ. ಇನ್ನೂ ರೊಟ್ಟಿನೇ ಬೆಂದಿಲ್ಲ, ನಿನಗಾಗಲೇ ಹಸಿವಾ?”

“ಅಬನೂಬ್ ಹತ್ರ ಒಂದು ಮಾತಿತ್ತು ಮಾವ.”

ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ಅವನು ಬಾಗಿಲಿಗೆ ಬಂದ. ಕಣ್ಣು ನೆಲ ಬಿಟ್ಟು ಏಳಲಿಲ್ಲ.

“ಹೇಳಿ ತಾಸೋನಿ.” ಚರ್ಚಿನ ಸೇವೆಯಲ್ಲಿರುವ ಹೆಣ್ಣುಮಕ್ಕಳನ್ನು ಎಲ್ಲರೂ ಹಾಗೆ, ಅಕ್ಕ ಎಂದೇ ಕರೆಯುತ್ತಾರೆ. ಇಂದು ಆ ಮಾತು ಗೋಡೆಯಂತಿತ್ತು.

“ಪುಟದಿಂದ ನಿಮಗೆ ಬಂದ ಅಬೂನಾ ಧ್ವನಿ... ನಿಮ್ಮದಲ್ಲ. ನಿಮ್ಮ ಪತ್ರ ಅವರನ್ನ ಮುಟ್ಟೇ ಇಲ್ಲ. ತಪ್ಪಿ ಕಳಿಸಿದ್ದು ನಾನು.”

ಅವನು ತಲೆಯೆತ್ತಿದ.

“ಪುಟ... ನೀವಾ?”

“ಹೂಂ.”

“ಹಾಗಾದ್ರೆ ಓದಿದ್ದೀರ.”

“ರಾತ್ರಿ ಓದಿದೆ. ಓದಬಾರದಿತ್ತು. ಕ್ಷಮಿಸಿ.”

ಒಳಗೆ ಕೀರ್ತನೆ ನಿಂತಿತ್ತು. ಇಬ್ಬರೂ ಗಮನಿಸಲಿಲ್ಲ.

“ಇಪ್ಪತ್ತೆರಡು ದಿನ,” ಎಂದ ಅವನು ಮೆಲ್ಲಗೆ. “ದೇವರೇ ಬೇಡ ಅಂದ ಅಂದ್ಕೊಂಡಿದ್ದೆ. ಹಾಳಾಗಿ ಹೋಗಲಿ ಅಂತ ಅಮ್ಮ ತೋರಿಸಿದ ಹುಡುಗಿಗೂ ಹೂಂ ಅಂದೆ.”

“ನಾನು ನಿಮಗೆ ಸೊಕ್ಕು ಅಂದ್ಕೊಂಡಿದ್ದೆ,” ಎಂದಳು ಅವಳು.

“ನನ್ನ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಯಾರನ್ನ ಮೊದಲು ಕೇಳ್ಬೇಕು?”

“ಅದನ್ನ ಅಬೂನಾ ಹೇಳ್ಬೇಕು.”

“ಪುಟ ಏನು ಹೇಳುತ್ತೆ?”

“ಪುಟಕ್ಕೆ ಈ ವಿಷಯದಲ್ಲಿ ಮಾತಾಡೋ ಹಕ್ಕಿಲ್ಲ.” ಅವಳು ಉಸಿರೆಳೆದುಕೊಂಡಳು. “ದಿಮ್ಯಾನಾ ಹೇಳ್ತಾಳೆ... ಮೊದಲು ನನ್ನ ಕೇಳಿ.”

“ಕೇಳ್ತಿದ್ದೀನಿ, ದಿಮ್ಯಾನಾ.”

ತಾಸೋನಿ ಎನ್ನಲಿಲ್ಲ ಅವನು.

“ಬೆನಿ ಸುಯೆಫ್‌ಗೆ ಹೋಗ್ಬೇಡಿ,” ಎಂದಳು. “ನಮ್ಮನೆಗೆ ಬನ್ನಿ.”

ಆಗ ಮೂಗಿಗೆ ಬಡಿಯಿತು ಸುಟ್ಟ ವಾಸನೆ. ಅಬನೂಬ್ ಒಳಗೋಡಿದ. ಒಲೆಯಲ್ಲಿ ಒಂದು ತಟ್ಟೆ ರೊಟ್ಟಿ ಪೂರ್ತಿ ಕಪ್ಪಾಗಿತ್ತು. ಅಷ್ಟರಲ್ಲಿ ಅಬೂನಾ ಮಕಾರಿ ಅಂಗಳ ದಾಟಿ ಬಂದರು. ಏನಾಯಿತೆಂದು ಸಿದ್ರಾಕ್‌ನನ್ನು ಕೇಳಿದರು.

ಮುದುಕ ಹೊಸ್ತಿಲಾಚೆ ನಿಂತವಳನ್ನು ನೋಡಿದ. ಪುಟ ನೋಡಿಕೊಳ್ಳುವವಳು ಇವಳೇ ಎಂದು ಇವನೊಂದು ಮಾತು ಆಡಿದರೆ, ನಾಳೆಯಿಂದ ಅದಕ್ಕೆ ಯಾರೂ ಬರೆಯಲಾರರು.

“ಒಲೆ ಜಾಸ್ತಿ ಕಾದಿತ್ತು ಅಬೂನಾ,” ಎಂದು ಅವನು ಹೊಸ ಹಿಟ್ಟಿಗೆ ಕೈ ಹಾಕಿದ. ಬದುಕಿನಲ್ಲಿ ಮೊದಲ ಸಲ, ಕೇಳಿದ್ದನ್ನು ಯಾರಿಗೂ ಹೇಳಬಾರದೆಂದುಕೊಂಡ.