ನನ್ನ ಕೂದಲು ಬೆಳೆಯುವುದಿಲ್ಲವಂತೆ

"ಅಲ್ಲಾಡಬೇಡ ಕಣೇ," ಎಂದ ಆಂಟ್ವಾನ್.

"ಎಲ್ಲಿ ಅಲ್ಲಾಡ್ತಿದ್ದೀನಿ?"

"ನಿನ್ನ ಕಾಲು ಕುಣೀತಿದೆ. ಕಾಲಿನ ಜೊತೆ ಕುರ್ಚಿ ಕುಣೀತಿದೆ. ಇನ್ನೊಂಚೂರು ಹೊತ್ತಾದ್ರೆ ನಾನೂ ಶುರು ಹಚ್ಕೋತೀನಿ."

ನಗು ಬಂತು, ಕಾಲು ಮಾತ್ರ ನಿಲ್ಲಲಿಲ್ಲ. ಹೇಗೆ ನಿಂತೀತು ಹೇಳಿ? ಮೆಂಫಿಸ್‌ನ ಆಗಸ್ಟ್ ಸೆಕೆ, ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಮುಖಕ್ಕೆ ಎರಚುವ ಅಡುಗೆಮನೆಯ ಫ್ಯಾನು, ಸಾಲದ್ದಕ್ಕೆ ನನ್ನ ತಲೆಯ ಮೇಲೆ ಒಬ್ಬ ಗಂಡಸಿನ ಕೈ.

ಮೂರು ವರ್ಷದಿಂದ ನನ್ನ ತಲೆಯನ್ನು ಯಾರೂ ಮುಟ್ಟಿರಲಿಲ್ಲ. ಚೌರಿ ಸೇರಿಸಿ ಸಣ್ಣ ಸಣ್ಣ ಜಡೆ ಹೆಣೆದುಕೊಳ್ಳುವವಳೂ ನಾನೇ, ತಿಂಗಳೆರಡು ಕಳೆದ ಮೇಲೆ ಬಿಚ್ಚುವವಳೂ ನಾನೇ. ಮುತ್ತು ಕೊಡುವುದೇನು, ಅದನ್ನು ಯಾವಾಗಲೋ ಕೊಟ್ಟಾಗಿತ್ತು. ಜಡೆ ಬಿಚ್ಚು ಅಂತ ಒಬ್ಬನಿಗೆ ತಲೆ ಒಪ್ಪಿಸುವುದಕ್ಕೆ ನಮ್ಮ ಕಪ್ಪು ಹೆಣ್ಣುಮಕ್ಕಳಿಗೆ ಬೇರೆಯದೇ ಧೈರ್ಯ ಬೇಕು.

ಟೋಸ್ಟರಿಗೆ ಒಂದು ಕನ್ನಡಿ ಒರಗಿಸಿಟ್ಟಿದ್ದೆ. ನನ್ನ ಕೂದಲು ನೋಡಿಕೊಳ್ಳಲಿಕ್ಕೆ ಅಂತ ಅವನಿಗೆ ಹೇಳಿದ್ದು ಶುದ್ಧ ಸುಳ್ಳು. ಹೈಸ್ಕೂಲಿನಲ್ಲಿ ಬ್ಯಾಂಡ್ ಕಲಿಸುವ ಈ ಮೇಷ್ಟ್ರು ಕೆಲಸ ಮಾಡುವಾಗ ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಾನೆ. ಅದನ್ನು ನೋಡಬೇಕಿತ್ತು. ಕನ್ನಡಿಯಲ್ಲಿ ನಮ್ಮ ಕಣ್ಣು ಸೇರಿತು. ಅವನು ಒಂದೇ ಹುಬ್ಬು ಎತ್ತಿದ. ನಾನು ಸೀದಾ ಬ್ರೆಡ್ಡಿನ ಡಬ್ಬಿ ನೋಡತೊಡಗಿದೆ.

"ಸಿಕ್ಕಿಬಿದ್ದೆ," ಎಂದ.

"ಸುಮ್ನೆ ಬಿಚ್ಚೋ."

ಮರುದಿನ ನಮ್ಮ ಪೆಟಿಗ್ರೂ ಮನೆತನದವರೆಲ್ಲ ಪಾರ್ಕಿನಲ್ಲಿ ಸೇರುವ ದಿನ. ಅಲ್ಲಿಗೆ ನಾನು ನನ್ನದೇ ಕೂದಲು ಬಿಟ್ಟುಕೊಂಡು ಹೋಗುವವಳಿದ್ದೆ. ಹುಟ್ಟಿದಾಗಿನಿಂದ ಅಂಥ ಕೆಲಸ ಮಾಡಿರಲಿಲ್ಲ.

ಚಿಕ್ಕವಳಿದ್ದಾಗ ಪ್ರತಿ ಶನಿವಾರ ಅಮ್ಮ ಕಬ್ಬಿಣದ ಬಾಚಣಿಗೆಯನ್ನು ಒಲೆಯ ಮೇಲೆ ಕಾಯಿಸಿ ನನ್ನ ಕೂದಲು ಎಳೆದು ನೇರ ಮಾಡುತ್ತಿದ್ದಳು. ಕಿವಿ ಸುಟ್ಟರೆ ಊದಿ ಬೆಣ್ಣೆ ಹಚ್ಚುತ್ತಿದ್ದಳು. ಆಮೇಲೆ ಕೂದಲು ನೇರ ಮಾಡಲು ನೆತ್ತಿ ಉರಿಸುವ ಕ್ರೀಮು ಬಂತು. "ನಮ್ಮದು ಕಿವಿ ದಾಟಿ ಬೆಳೆಯೋ ಕೂದಲಲ್ಲ ಮಗಳೇ, ನಿನ್ನದೂ ಅಷ್ಟೇ, ನನ್ನದೂ ಅಷ್ಟೇ," ಎನ್ನುತ್ತಿದ್ದಳು. ಬೈದು ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳು ಅಯ್ಯೋ ಪಾಪ ಅನ್ನುವ ಹಾಗೆ ಹೇಳುತ್ತಿದ್ದಳು. ಅಮ್ಮನ ಸ್ವಂತ ಕೂದಲು ಹೇಗಿದೆಯೋ, ನಾನಂತೂ ನೋಡಿಲ್ಲ. ಅವಳ ತಲೆಯ ಮೇಲೆ ಯಾವಾಗಲೂ ವಿಗ್.

ಮೂರು ವರ್ಷದ ಹಿಂದೆ ಕ್ರೀಮು ಬಿಸಾಡಿ ತಲೆ ಬೋಳಿಸಿಕೊಂಡೆ. ಮೇಲೊಂದು ವಿಗ್ ಹಾಕಿಕೊಂಡೆ, ಆಮೇಲೆ ಜಡೆ. ಒಳಗೊಳಗೇ ಬೆಳೆಸಿದೆ, ಅಮ್ಮನಿಗೂ ಹೇಳದೆ. ಹೆಣೆದ ಜಡೆಯೊಳಗೆ ಅದು ಭುಜ ಮುಟ್ಟಿತ್ತು, ಅದರ ಕೆಳಗಿನದೆಲ್ಲ ಬರೀ ಚೌರಿ. ಬೆಳೆಯುತ್ತದೆ ಅಂತ ನಾಳೆ ಅಮ್ಮನಿಗೆ ತೋರಿಸಬೇಕಿತ್ತು. ನನಗೆ ಬೇಕಾಗಿದ್ದು ಅದೊಂದೇ.

"ಚೌರಿ ತುದಿ ಕತ್ತರಿಸ್ಕೊಂಡು ಆಮೇಲೆ ಬಿಚ್ಚು," ಎಂದೆ.

"ಗೊತ್ತಮ್ಮಾ ಗೊತ್ತು. ಅಕ್ಕಂದಿರ ಮಧ್ಯೆ ಬೆಳೆದವನು ನಾನು."

ಕಚಕ್. ಕಚಕ್. ಕಿವಿಯ ಹಿಂದೆ ಕತ್ತರಿಯ ಸದ್ದು. ಜಡೆಯ ತುಂಡುಗಳು ನೆಲಕ್ಕೆ ಬಿದ್ದವು. ಸುಮ್ಮನೆ ಕೂರಲಾಗದೆ ಬಗ್ಗಿ ಒಂದನ್ನು ಎತ್ತಿಕೊಂಡು, ಕತ್ತರಿಸಿದ ಕಡೆಯಿಂದ ಬಿಡಿಸತೊಡಗಿದೆ. ಚೌರಿ ಪ್ಲಾಸ್ಟಿಕ್ಕಿನಂತೆ ಜಾರುತ್ತದೆ. ಅದರ ನಡುವೆ ಮೆತ್ತಗಿನದೊಂದು ಎಳೆ ಬೆರಳಿಗೆ ಸುತ್ತಿಕೊಂಡಿತು. ಅಂಗೈ ಉದ್ದದ ಎಳೆ. ನನ್ನದು.

"ಎಲ್ಲಿ ಕತ್ತರಿಸ್ದೆ?" ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

ಅವನು ಕಿವಿಯ ಪಕ್ಕ ಬೆರಳಿಟ್ಟು ತೋರಿಸಿದ. "ಇಲ್ಲಿ. ನಾಲ್ಕೈದು ಆಯ್ತು. ಯಾಕೆ?"

"ಅಲ್ಲೇ ಯಾಕೆ?"

"ನಿನ್ನ ಕೂದಲು ಅಲ್ಲಿಗೇ ತಾನೇ ಮುಗಿಯೋದು? ಮೊನ್ನೆ ನಿಮ್ಮ ಅಮ್ಮ ಮಿಸ್ ಗ್ಲೆಂಡಾ ಮನೆ ಏಸಿ ನೋಡೋಕೆ ಹೋಗಿದ್ನಲ್ಲ, ಅವರೇ ಹೇಳಿದ್ರು. ಕಿವಿಯಿಂದಾಚೆ ಬೆಳೆಯಲ್ಲ, ಅವಳಿಗೆ ಬೇಜಾರು, ನೀನೇನೂ ಆ ಮಾತು ಎತ್ತಬೇಡಪ್ಪ ಅಂತ..."

ನನ್ನ ಕೈಯಲ್ಲಿದ್ದುದನ್ನು ಅವನು ನೋಡಿದ್ದ.

"ತಲೆ ನನ್ನದು ಕಣೋ!" ಕುರ್ಚಿ ಹಿಂದಕ್ಕೆ ಬಿತ್ತು. "ಕೂತಿದ್ದವಳು ನಾನು, ನಿನ್ನ ಕೈ ಕೆಳಗೇ ಕೂತಿದ್ದೆ. ನನ್ನನ್ನ ಕೇಳೋಕೆ ಬಾಯಿರ್ಲಿಲ್ವಾ?"

"ಬೇಬಿ, ನಂಗೆ ಗೊತ್ತಿರ್ಲಿಲ್ಲ."

"ಎಲ್ಲರಿಗೂ ನನ್ನ ತಲೆ ವಿಷಯ ಗೊತ್ತು, ನಂಗೊಬ್ಬಳಿಗೆ ಗೊತ್ತಿಲ್ಲ, ಅಲ್ವಾ? ಹೋಗು. ನಾಳೆ ಪಾರ್ಕಿಗೂ ಬರಬೇಡ."

ಅವನು ಕತ್ತರಿಯನ್ನು ಮೇಜಿನ ಮೇಲೆ ಮೆಲ್ಲಗಿಟ್ಟು ಹೋದ. ಅಷ್ಟು ಮೆಲ್ಲಗಿಟ್ಟನಲ್ಲ, ಅದಕ್ಕೂ ಸಿಟ್ಟು ಬಂತು.

ಉಳಿದ ಜಡೆ ಬಿಚ್ಚಿದೆ, ತಲೆ ತೊಳೆದೆ. ನೀರು ಬಿದ್ದದ್ದೇ ತಡ, ಕೂದಲು ಸುರುಳಿ ಸುರುಳಿಯಾಗಿ ಮೇಲಕ್ಕೆದ್ದು ಮುಖದ ಸುತ್ತ ತುಂಬಿಕೊಂಡಿತು. ಎಷ್ಟು ಚೆನ್ನಾಗಿತ್ತು! ಆದರೆ ಎಡಗಿವಿಯ ಹಿಂದೆ ಮಾತ್ರ ಮೇಕೆ ಮೇದುಹೋದ ಬೇಲಿ. ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆದೆ. ಫೋನ್ ಬಡಿದುಕೊಂಡಿತು, ಎತ್ತಲಿಲ್ಲ. ಬಡಿದುಕೊಳ್ಳುವುದು ನಿಂತಿತು, ಯಾಕೆ ನಿಂತಿತು ಅಂತ ಹೋಗಿ ನೋಡಿದೆ. ಸಿಟ್ಟು ಅವನ ಮೇಲೆ, ಕಿಟಕಿಯಲ್ಲಿ ಹುಡುಕುತ್ತಿದ್ದುದೂ ಅವನ ಕಾರನ್ನೇ. ಇಂಥ ಕರ್ಮ ಯಾರಿಗೂ ಬೇಡ.

ಮರುದಿನ ವಿಗ್ಗನ್ನು ಕಾರಿನಲ್ಲಿಟ್ಟುಕೊಂಡೇ ಹೊರಟೆ. ಪಾರ್ಕಿನ ಮುಂದೆ ನಿಲ್ಲಿಸಿ ತಲೆಗೇರಿಸಿದೆ, ತೆಗೆದೆ, ಮತ್ತೆ ಏರಿಸಿದೆ. ಕೊನೆಗೆ ಥೂ ಎಂದು ಹಿಂದಿನ ಸೀಟಿಗೆ ಎಸೆದು ಇಳಿದುಬಿಟ್ಟೆ.

ನಮ್ಮವರೆಲ್ಲ ಒಂದೇ ನೇರಳೆ ಬಣ್ಣದ ಟೀಶರ್ಟಿನಲ್ಲಿದ್ದರು. ಕ್ಲೀಟಸ್ ಮಾವ ಮಾಂಸ ಸುಡುವ ಹೊಗೆಯಲ್ಲಿ ಕೆಮ್ಮುತ್ತ ಹಾಡುತ್ತಿದ್ದ. ಅತ್ತೆಯಂದಿರು ಡಾಮಿನೋ ಆಟದಲ್ಲಿ ಚುಕ್ಕೆಬಿಲ್ಲೆ ಬಡಿದು ಮೇಜು ಕುಟ್ಟುತ್ತಿದ್ದರು. ನನ್ನನ್ನು ಕಂಡು ಆ ಕುಟ್ಟುವಿಕೆ ಒಂದು ಕ್ಷಣ ನಿಂತಿತು.

ಅಮ್ಮ ಆಲೂಗಡ್ಡೆ ಸಲಾಡಿನ ಪಾತ್ರೆ ಕೆಳಗಿಟ್ಟು ಬಂದಳು. ನನ್ನನ್ನು ನೋಡಿದಳು, ಸುತ್ತ ಬಂದಳು. ಕಿವಿಯ ಹಿಂದೆ ಅವಳ ಕಣ್ಣು ನಿಂತಿತು.

"ಅಯ್ಯೋ ಶಾಂತೆಲ್, ಉದುರ್ತಾ ಇದ್ಯಲ್ಲೇ! ನಾನು ಹೇಳಿರ್ಲಿಲ್ವಾ ಮಗಳೇ? ಯಾಕೆ ಇಷ್ಟು ಹಟ ಮಾಡ್ತೀಯ?"

ಅದೇ ಅಯ್ಯೋ ಪಾಪದ ಧ್ವನಿ. ನಾನು ಆ ತುಂಡು ಕೂದಲನ್ನು ಅಂಗೈಯಲ್ಲಿ ಮುಚ್ಚಿಕೊಂಡೆ.

"ಉದುರಿದ್ದಲ್ಲ, ಮಿಸ್ ಗ್ಲೆಂಡಾ."

ನೇರಳೆಯ ನಡುವೆ ಒಂದು ಬಿಳಿ ಅಂಗಿ. ಇಸ್ತ್ರಿ ಮಾಡಿ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ ಆಂಟ್ವಾನ್. ಬರಬೇಡ ಎಂದಿದ್ದೆ, ಬಂದಿದ್ದ.

"ನಾನು ಕತ್ತರಿಸಿದ್ದು," ಎಂದ, ಮೈದಾನದಲ್ಲಿ ಬ್ಯಾಂಡಿಗೆ ಹೇಳುವಷ್ಟು ಜೋರಾಗಿ. "ಭುಜದವರೆಗೂ ಬೆಳೆದಿತ್ತು. ನೀವು ಹೇಳಿದ್ದನ್ನ ನಂಬ್ಕೊಂಡು, ಇವಳನ್ನ ಒಂದು ಮಾತೂ ಕೇಳದೆ ಕತ್ತರಿ ಹಾಕ್ಬಿಟ್ಟೆ. ತಪ್ಪು ನಂದು. ಇವಳ ಕೂದಲಿಗೆ ಏನೂ ಆಗಿಲ್ಲ."

ಡಾಮಿನೋ ಮೇಜಿನಲ್ಲಿ ಎಲ್ಲರ ಕತ್ತೂ ಇತ್ತ ತಿರುಗಿತು.

"ಲೋ ಮಾರಾಯ," ಎಂದ ಕ್ಲೀಟಸ್ ಮಾವ, "ನಮ್ಮ ಮನೆ ಹುಡುಗಿ ಕೂದಲು ಕತ್ತರಿಸಿ, ಊಟಕ್ಕೆ ಮುಂಚೆ ಬಂದು ಹೇಳ್ತಿದ್ದೀಯಲ್ಲೋ! ತಿಂದಾದ್ಮೇಲೆ ಹೇಳಿದ್ರೆ ನಿಂಗೇ ಲಾಭ ಆಗ್ತಿತ್ತು."

ಮೇಜು ಪೂರ್ತಿ ನಕ್ಕಿತು. ಅಮ್ಮ ನಗಲಿಲ್ಲ. ನನ್ನ ಹಣೆಯ ಪಕ್ಕದ ಒಂದು ಸುರುಳಿ ಹಿಡಿದು ಮೆಲ್ಲಗೆ ಎಳೆದಳು. ಅದು ಕೆನ್ನೆ ದಾಟಿತು, ಗದ್ದ ದಾಟಿತು, ಭುಜಕ್ಕೆ ಬಂತು. ಬಿಟ್ಟಳು. ಸುರುಳಿ ಮತ್ತೆ ಮೇಲಕ್ಕೆ ಹೋಗಿ ಕೂತಿತು. ನಂಬಿಕೆಯಾಗದವಳಂತೆ ಇನ್ನೊಂದನ್ನು ಎಳೆದಳು. ಅವಳ ಕೈ ತನ್ನ ವಿಗ್ಗಿನ ಅಂಚಿಗೆ ಹೋಗಿ ಅಲ್ಲೇ ನಿಂತಿತು.

"ನಂದೂ ಬೆಳೀತಿತ್ತೇನೋ," ಎಂದಳು. ನನಗೊಬ್ಬಳಿಗೆ ಕೇಳಿಸುವಷ್ಟು ಸಣ್ಣಗೆ.

ಅಪ್ಪಿಕೊಂಡೆ. ಇಬ್ಬರೂ ಅತ್ತೆವು. ಆಮೇಲೆ ಅಮ್ಮ ಮೂಗೊರೆಸಿಕೊಂಡು ಆಂಟ್ವಾನ್ ಕಡೆ ತಿರುಗಿದಳು.

"ಬಾ ಇಲ್ಲಿ. ಕತ್ತರಿಸೋಕೆ ಬರುತ್ತೆ, ಹೆಣೆಯೋಕೆ ಬರುತ್ತಾ?"

"ಇಲ್ಲ, ಮಿಸ್ ಗ್ಲೆಂಡಾ."

"ಹಾಗಾದ್ರೆ ಕೂತ್ಕೋ."

ಅವನನ್ನು ಬೆಂಚಿನ ಮೇಲೆ ಕೂರಿಸಿದಳು, ನನ್ನನ್ನು ಅವನ ಮೊಣಕಾಲುಗಳ ನಡುವೆ ಹುಲ್ಲಿನ ಮೇಲೆ. ಚಿಕ್ಕವಳಿದ್ದಾಗ ನಾನು ಅವಳ ಮುಂದೆ ಹೀಗೇ ಕೂರುತ್ತಿದ್ದೆ. ಪರ್ಸಿನಿಂದ ಬಾಚಣಿಗೆ ತೆಗೆದು ಅವನ ಕೈಗಿತ್ತಳು. "ಬೇರಿಂದ ಎಳೀಬೇಡ. ತುದಿಯಿಂದ ಸಿಕ್ಕು ಬಿಡಿಸ್ಕೊಂಡು ಬಾ."

ಅವನು ಒಂದು ಸುರುಳಿಯನ್ನು ತುದಿಯಿಂದ ಬಿಡಿಸತೊಡಗಿದ.

"ನೋವಾಗ್ತಿದ್ಯಾ?" ಎಂದು ಕಿವಿಯಲ್ಲಿ ಕೇಳಿದ.

"ಇಲ್ಲ. ಕೇಳ್ತಾ ಇರು."

"ಶಾಂತೆಲ್, ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ. ನಾನು ನಿನ್ನ..."

"ಪಿಸುಗುಟ್ಟಬೇಡ. ತಪ್ಪೊಪ್ಪಿಕೊಂಡಷ್ಟು ಜೋರಾಗಿ ಹೇಳು."

"ಪ್ರೀತಿಸ್ತೀನಿ!"

ಡಾಮಿನೋ ಮೇಜಿನಿಂದ ಹೋ ಎಂದು ಕೂಗೆದ್ದಿತು. ನನ್ನ ಮುಖ ಬಿಸಿಯಾಯಿತು.

"ನಾನೂ ಪ್ರೀತಿಸ್ತೀನಿ ಕಣೋ ಪೆದ್ದ. ಬೈತಲೆ ನೆಟ್ಟಗೆ ತೆಗಿ."

ಅವನ ಬೆರಳು ತಡವುತ್ತ ತಡವುತ್ತ ಎಡಗಿವಿಯ ಹಿಂದಕ್ಕೆ ಬಂದು ನಿಂತಿತು. ಕೈಗೆ ಸಿಗದ ಆ ತುಂಡು ಕೂದಲನ್ನು ಎರಡು ಸಲ ಹಿಡಿಯಲು ನೋಡಿದ.

"ಮಿಸ್ ಗ್ಲೆಂಡಾ, ಇದನ್ನ ಏನ್ ಮಾಡ್ಲಿ? ಹೆಣೆಯೋಕೆ ಸಿಗ್ತಿಲ್ಲ."

ಅಮ್ಮ ಬಗ್ಗಿ ಆ ಜಾಗದ ಮೇಲೆ ಅಂಗೈ ಇಟ್ಟಳು.

"ಬಿಡಪ್ಪ," ಎಂದಳು. "ಅದು ಬೆಳೆಯುತ್ತೆ."