ಅಕ್ಕನ ದನಿ ನಿಂತಾಗ

"ಮುಟ್ಟಬೇಡಿ! ಅದು ನನ್ನಕ್ಕನ ಬಾಯಿ!"

ತಂಗಿ ಕೂಗಿದ ರಭಸಕ್ಕೆ, ಕಂಪ್ಯೂಟರ್‌ನಿಂದ ವೈರ್ ಎಳೆಯಲು ಹೊರಟಿದ್ದ ರಿಪೇರಿಯವನ ಕೈ ಅಲ್ಲೇ ನಿಂತಿತು.

ಗಾಲಿಕುರ್ಚಿಯಲ್ಲಿದ್ದ ಅಕ್ಕ ಸುಮ್ಮನೆ ನೋಡುತ್ತಿದ್ದಳು. ಕಾಯಿಲೆ ಅವಳ ಕೈಕಾಲನ್ನೂ ಮಾತನ್ನೂ ಕಿತ್ತುಕೊಂಡಿತ್ತು. ಕೆನ್ನೆಯ ಬಳಿಯ ಸ್ವಿಚ್ ಒತ್ತಿ ಪರದೆಯ ಅಕ್ಷರಗಳನ್ನು ಆರಿಸಿದರೆ, ಕಂಪ್ಯೂಟರ್ ಅವಳ ಪರವಾಗಿ ಮಾತಾಡುತ್ತಿತ್ತು. ಈಗ ಆ ಸ್ವಿಚ್ಚನ್ನೇ ಅದು ಗುರುತಿಸುತ್ತಿರಲಿಲ್ಲ.

ರಿಪೇರಿಯವನು ಅಕ್ಕನ ಎದುರು ಮಂಡಿಯೂರಿದ.

"ಅಕ್ಕಾ, ಸ್ವಲ್ಪ ಹೊತ್ತು ತೆಗೀಲಾ? ಬೇಡ ಅಂದ್ರೆ ಬೇಡ."

ಅಕ್ಕ ರೆಪ್ಪೆ ಮುಚ್ಚಿ ತೆರೆದಳು. ಹೂಂ ಎಂದು.

ತಂಗಿ ಅವನನ್ನೇ ನೋಡಿದಳು. 'ಇವಳನ್ನ ಕೇಳಿ ಕೆಲಸ ಮಾಡಿದವರು ಯಾರಿದ್ದಾರೆ...?'

ಅವನು ಸ್ವಿಚ್ಚನ್ನು ಗುರುತಿಸುವ ತಂತ್ರಾಂಶವನ್ನು, ಯುಎಸ್‌ಬಿ ಡ್ರೈವರನ್ನು, ತೆಗೆದುಹಾಕಿದ. ತಕ್ಷಣ ಮೌಸ್, ಕೀಬೋರ್ಡ್ ಎರಡೂ ಸತ್ತವು.

"ಅಯ್ಯೋ! ಇದ್ದಿದ್ದೂ ಹೋಯ್ತಲ್ರೀ!"

"ಗಾಬರಿ ಆಗ್ಬೇಡಿ. ಆಫ್ ಮಾಡಿ ಆನ್ ಮಾಡಿದ್ರೆ ಡ್ರೈವರ್ ತಾನಾಗೇ ಮತ್ತೆ ಬರುತ್ತೆ."

ಬಂತು. ಸ್ಪೀಕರ್ ಮಾತಾಡಿತು: "ಅವರ ತಲೆ ತಿನ್ನಬೇಡ ಕಣೇ. ಕಾಫಿ ಕೊಡು."

ಆದರೆ ಮರುದಿನವೇ ಮತ್ತೆ ಕೆಟ್ಟಿತು. ಅವನು ಬಂದ, ಸರಿಮಾಡಿದ; ಮತ್ತೆ ಕೆಟ್ಟಿತು. ಬರುಬರುತ್ತಾ ಕಾಫಿ ಲೋಟ ಬರಿದಾದರೂ ಅವನ, ತಂಗಿಯ ಮಾತು ಮುಗಿಯದಾಯಿತು. ಬಾಗಿಲ ಗಂಟೆಗಾಗಿ ಕಾಯುವುದು ತಂಗಿಗೆ ಅಭ್ಯಾಸವಾಯಿತು.

ಒಂದು ಸಂಜೆ ಅದು ಮತ್ತೆ ಕೆಟ್ಟಿದ್ದಾಗ, ಕಾಫಿ ಹಿಡಿದು ಬಂದವಳು ಹೊಸ್ತಿಲಲ್ಲೇ ನಿಂತಳು. ಅವನು ಫೋನಿನಲ್ಲಿ ಹೇಳುತ್ತಿದ್ದ:

"ಇನ್ನು ಸರಿಹೋಗಲ್ಲ. ಪಾಪ, ಎಷ್ಟು ದಿನ ಅಂತ ಎಳೆದಾಡ್ತಾರೆ? ಕೈಬಿಡೋದೇ ಒಳ್ಳೇದು."

ಅವಳು ಲೋಟವನ್ನು ಅಲ್ಲೇ ಕುಕ್ಕಿದಳು. ಅವಳನ್ನು ಮದುವೆಯಾಗಬೇಕಿದ್ದವನೂ ಅಕ್ಕನ ಬಗ್ಗೆ ಇದೇ ಮಾತಾಡಿ ಹೊರಟುಹೋಗಿದ್ದ!

"ನನ್ನಕ್ಕನ ಎದುರೇ ಹೀಗಂತೀರಾ? ಹೋಗಿ ಇಲ್ಲಿಂದ!"

"ನಾನು ಹೇಳಿದ್ದು..."

"ಒಂದು ಮಾತೂ ಬೇಡ!"

ಅವನು ಹೊರಟ. ಅಕ್ಕ ಸತ್ತ ಸ್ವಿಚ್ಚನ್ನು ಕೆನ್ನೆಯಿಂದ ಒತ್ತಿದಳು, ಮತ್ತೆ ಮತ್ತೆ ಒತ್ತಿದಳು. ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು.

"ಅಳಬೇಡ ಅಕ್ಕಾ... ನಾನಿದ್ದೀನಲ್ಲ," ಎಂದು ತಂಗಿ ತಬ್ಬಿಕೊಂಡಳು. ಅಕ್ಕನಿಗೆ ಹೇಳಬೇಕಾಗಿದ್ದುದು ಬೇರೆಯೇ ಇತ್ತು.

ಮರುದಿನ ಅವನು ಮತ್ತೆ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲೊಂದು ಪುಟ್ಟ ಡಬ್ಬಿ.

"ಎಷ್ಟು ಬೇಕಾದ್ರೂ ಬೈಯಿರಿ. ಮೊದಲು ಅಕ್ಕ ಮಾತಾಡ್ಲಿ."

ಅವಳು ದಾರಿ ಬಿಟ್ಟಳು. ಅವನು ಕಂಪ್ಯೂಟರ್ ಬಿಚ್ಚಿ, ಕೆಟ್ಟ ಹಳೇ ಯುಎಸ್‌ಬಿ ಭಾಗದ ಬದಲು ಡಬ್ಬಿಯಲ್ಲಿದ್ದ ಹೊಸ ಕಾರ್ಡ್ ಕೂರಿಸಿ, ಅದರ ಡ್ರೈವರ್ ಹಾಕಿ, ಸ್ವಿಚ್ ಸಿಕ್ಕಿಸಿದ. ಅಕ್ಕನ ಕೆನ್ನೆ ಅಲುಗಿತು. ಅಕ್ಷರಕ್ಕೆ ಅಕ್ಷರ ಕೂಡಿತು.

"ಅವರು ಅಂದಿದ್ದು ಹಳೇ ಯುಎಸ್‌ಬಿ ಭಾಗಕ್ಕೆ. ನನಗಲ್ಲ, ದಡ್ಡಿ."

ತಂಗಿ ಅಕ್ಕನ ಕೈ ಹಿಡಿದಳು. ನಿನ್ನೆ ಸಂಜೆ ಅಕ್ಕ ಇದನ್ನೇ ಹೇಳಲು ಒದ್ದಾಡಿದ್ದಳೇ?!

"ನನ್ನ ಕ್ಷಮಿಸ್ತೀರಾ...?" ಎಂದಳು ಅವನಿಗೆ.

"ಅಕ್ಕನಿಗೋಸ್ಕರ ಬೈದಿರಿ. ನನಗೆ ನೋವಾಯ್ತು, ಸಿಟ್ಟು ಬರಲಿಲ್ಲ."

ಅವನು ಸಾಮಾನು ಕಟ್ಟಿ ಎದ್ದ. "ಇನ್ನು ಕೆಡಲ್ಲ ಬಿಡಿ."

"ಕೆಡದಿದ್ರೆ... ನೀವು ಬರಲ್ವಾ?"

ಅವನು ತಿರುಗಿ ನೋಡಿದ. ಅವಳ ಕಣ್ಣು ತುಂಬಿತ್ತು.

"ನಾನು ಮದುವೆಯಾಗಿ ಎಲ್ಲಿಗೆ ಹೋದ್ರೂ ಅಕ್ಕ ನನ್ನ ಜೊತೆ ಬರ್ತಾಳೆ. ಅದನ್ನ ಮೊದಲೇ ಹೇಳಿಬಿಡ್ತೀನಿ."

"ನೀವೆಲ್ಲಿಗೂ ಹೋಗೋದು ಬೇಡ," ಎಂದ ಅವನು ಮೆಲ್ಲಗೆ. "ನಾನೇ ಇಲ್ಲಿಗೆ ಬರ್ತೀನಿ... ಕರೆದ್ರೆ."

"ಕರೀತಿದ್ದೀನಲ್ಲ..."